ನಿನ್ನ ಹೀರೋಗೆ ಬೇರೆ ಕೆಲಸನೇ ಇಲ್ವಾ?

ಪ್ರೀತಿಯ ತಂಗಿ,

ನೀನು ಮಾಡ್ತಿರೋ ಲವ್ ಸ್ಟೋರಿ ಗೇಮ್‌ನ ಸ್ಕ್ರಿಪ್ಟ್ ಓದ್ದೆ. ಸಕಲೇಶಪುರದ ತೋಟ, ಮಂಜು, ಹಾಸನದಿಂದ ಬಸ್ ಹತ್ತಿ ಬರೋ ಹುಡುಗಿ, ಎಲ್ಲಾ ಚೆನ್ನಾಗೇ ಬಂದಿದೆ ಕಣೇ, ಹುಡುಗಿ ಅಂತೂ ತುಂಬಾ ಇಷ್ಟ ಆದ್ಲು. ಆದ್ರೆ ಆ ಹೀರೋ ಇದಾನಲ್ಲ, ಅವ್ನಿಗೆ ಬೇರೆ ಕೆಲಸನೇ ಇಲ್ವಾ? ಡಿಸೆಂಬರ್ ಅಂತ ನೀನೇ ಬರ್ದಿದೀಯ, ಅರೇಬಿಕಾ ಕುಯ್ಲು ನಡೀತಿರೋ ಟೈಮು, ಆಳು ಸಿಗಲ್ಲ, ಕಣದ ತುಂಬ ಕಾಫಿ ಒಣಗ್ತಿರುತ್ತೆ, ಒಂದು ಮೋಡ ಬಂದ್ರೆ ಮನೆಯೋರಿಗೆಲ್ಲ ಎದೆ ಢವಢವ, ಈ ಪುಣ್ಯಾತ್ಮ ಮಾತ್ರ ಯಾವಾಗ ಕ್ಲಿಕ್ ಮಾಡಿದ್ರೂ ಜೀಪಿಗೆ ಒರಗಿಕೊಂಡು ನಗ್ತಾ ನಿಂತಿರ್ತಾನೆ. ನಮ್ಮ ಕಡೆ ಅಂಥೋನಿಗೆ ಹೆಣ್ಣು ಕೊಡಲ್ಲ ಬಿಡು. (ಓನರ್ ಮಗನ ಬದ್ಲು ತೋಟದ ಲೆಕ್ಕ ಬರೆಯೋ ರೈಟರ್‌ನ ಹೀರೋ ಮಾಡಿದ್ರೆ ಇನ್ನೂ ಮಜಾ ಇರ್ತಿತ್ತು, ಅದು ನಿನ್ನಿಷ್ಟ.)

ಮಾಸ್ ಎಫೆಕ್ಟ್ ಅನ್ನೋ ಬಾಹ್ಯಾಕಾಶದ ಗೇಮ್‌ನಲ್ಲಿ ಬರೋ ಗ್ಯಾರಸ್‌ನ ನೋಡು. 2007ರ ಮೊದಲ ಗೇಮ್‌ನಲ್ಲಿ ಅವನ ಜೊತೆ ಲವ್ವೇ ಇರ್ಲಿಲ್ಲ, ಆಡಿದೋರು ಬೇಕು ಬೇಕು ಅಂತ ಹಿಡ್ಕೊಂಡ್ಮೇಲೆ 2010ರ ಎರಡನೇದ್ರಲ್ಲಿ ಸೇರಿಸಿದ್ರು. ಅವನು ಮನುಷ್ಯನೇ ಅಲ್ಲ, ಡಿಂಪಲ್ ದೂರದ ಮಾತು. ಬರ್ದಿಟ್ಟ ಮಾತೆಲ್ಲ ಮುಗಿದ್ಮೇಲೂ ಹೋಗಿ ಮಾತಾಡಿಸಿದ್ರೆ, ಹಡಗಿನ ಗನ್ ಕ್ಯಾಲಿಬ್ರೇಟ್ ಮಾಡ್ತಿದೀನಿ ಆಮೇಲೆ ನೋಡೋಣ ಅಂತ ಸಾಗಹಾಕ್ತಾನೆ. ಹೊಸ ಡೈಲಾಗ್ ಇಲ್ದಾಗ ಬರೋ ಲೈನ್ ಅಷ್ಟೇ ಅದು, ಜನ ಅದನ್ನೇ ಜೋಕ್ ಮಾಡ್ಕೊಂಡು ಇವತ್ತಿಗೂ ಹೇಳ್ತಾರೆ. ಪ್ರಪೋಸ್ ಮಾಡೋ ಸೀನು ಒಂದ್ಸಲ ಬಂದು ಹೋಗುತ್ತೆ, ಆದ್ರೆ ಇಂಥ ಖಾಲಿ ಲೈನು ಆಡೋರ ಕಿವಿಗೆ ಬೀಳ್ತಾನೇ ಇರುತ್ತೆ, ನೀನೋ ಅಲ್ಲಿ ‘ಹಾಯ್’ ಅಂತ ಹಾಕಿ ಮುಂದೆ ಹೋಗಿದೀಯ. ‘ಮೋಡ ಕಟ್ತಿದೆ, ಈ ಟಾರ್ಪಾಲ್ ಆ ಕಡೆ ಹಿಡ್ಕೊಳ್ರಿ’ ಅನ್ಲಿ ಅವನು. ಅವಳು ಹಿಡ್ಕೋತಾಳೋ ಇಲ್ವೋ ಅದೂ ಒಂದು ಚಾಯ್ಸ್ ಆಗುತ್ತಲ್ಲ.

ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಹಳ್ಳಿ-ಬೇಸಾಯದ ಗೇಮ್‌ನಲ್ಲಿ, 2016ರದ್ದು, ಊರಿನ ಪ್ರತಿಯೊಬ್ಬನಿಗೂ ಅವನದೇ ಟೈಮ್‌ಟೇಬಲ್ ಇದೆ. ಗಿಫ್ಟ್ ಕೂಡ ಒಬ್ಬರಿಗೆ ವಾರಕ್ಕೆ 2 ಮಾತ್ರ. ಬಾಗ್ಲಿಗೆ ಹೋದ್ರೆ ಆಸಾಮಿ ಮನೇಲೇ ಇರಲ್ಲ, ಆ ಹುಡುಕಾಟದಲ್ಲೇ ಅರ್ಧ ಲವ್ ಹುಟ್ಟುತ್ತೆ.

ಇನ್ನು ಹುಡುಗನ ಪ್ರೀತಿ ಅಳೆಯೋ ನಿನ್ನ ಪಾಯಿಂಟ್ಸ್ ಲೆಕ್ಕ. ಒಳ್ಳೆ ಮಾತಿಗೆ 5, ಗಿಫ್ಟಿಗೆ 10, ಯಾರು ಏನಂದ್ರೂ ಏರ್ತಾನೇ ಹೋಗುತ್ತೆ, ಕಾಸು ಹಾಕಿದ್ರೆ ಚೀಟಿ ಉದುರ್ಸೋ ರೈಲ್ವೆ ಸ್ಟೇಷನ್ ತೂಕದ ಮೆಷಿನ್ ಥರ ಆಗಿದಾನೆ ಹುಡುಗ. ಬಾಲ್ಡರ್ಸ್ ಗೇಟ್ 3 ಗೇಮ್‌ನಲ್ಲಿ ನಮ್ಮ ಜೊತೆಗಾರ ಆಸ್ಟೇರಿಯನ್, ನಾವು ಯಾರಿಗಾದ್ರೂ ಸುಮ್ನೆ ಸಹಾಯ ಮಾಡಿದ್ರೆ ಮುಖ ಸಿಂಡರಿಸ್ತಾನೆ, ಅವನಿಗೆ ಏನು ಹಿಡಿಸಲ್ಲ ಅನ್ನೋದ್ರಿಂದ್ಲೇ ಅವನು ಎಂಥೋನು ಅಂತ ಗೊತ್ತಾಗುತ್ತೆ. ಅವನ ಮೊದಮೊದಲ ಫ್ಲರ್ಟ್ ಎಲ್ಲಾ ತಲೆ ಉಳಿಸ್ಕೊಳ್ಳೋ ಉಪಾಯ, ಆಮೇಲೆ ಅವನೇ ಬಾಯಿಬಿಡ್ತಾನೆ. ಅದೇ ಗೇಮ್ 2023ರಲ್ಲಿ ಬಂದಾಗ ಗೇಲ್ ಅನ್ನೋ ಇನ್ನೊಬ್ಬ ಜೊತೆಗಾರ, ಮತ್ತೆ ಇನ್ನೂ ಕೆಲವರು ಪರಿಚಯ ಆಗ್ತಿದ್ದಂಗೇ ಮೈಮೇಲೆ ಬೀಳ್ತಾರೆ ಅಂತ ಜನ ದೂರಿದ್ರು, ಕೊನೆಗೆ ನೋಡಿದ್ರೆ ಲವ್ ಶುರುವಾಗೋಕೆ ಬೇಕಾದ ಅಪ್ರೂವಲ್ (ಮೆಚ್ಚುಗೆ) ನಂಬರ್ ತೀರಾ ಕಮ್ಮಿ ಇಟ್ಟಿದ್ದ ಬಗ್ ಅಂತೆ. ಒಂದಕ್ಷರ ಡೈಲಾಗ್ ಬದಲಾಗದೇನೂ ಪಾತ್ರ ಕೆಡ್ತು ನೋಡು, ಹಂಗಾಗಿ ನಂಬರ್ ಕೆಲಸ ಪ್ರೋಗ್ರಾಮಿಂಗ್ ಮಾಡೋ ಫ್ರೆಂಡ್‌ಗೆ ಬಿಟ್ಬಿಡ್ಬೇಡ, ನೀನೇ ಕೂತ್ಕೊಂಡು ಹಾಕು.

ಕಥೆ ಗೇಮ್ ಮಾಡೋ ಸಾಫ್ಟ್‌ವೇರ್ ರೆನ್‌ಪೈನಲ್ಲಿ ಮಾಡ್ತಿದೀಯಲ್ಲ, ಅದ್ರಲ್ಲಿ ವೇರಿಯಬಲ್ (ಗೇಮ್ ನೆನಪಿಟ್ಕೊಳ್ಳೋ ಲೆಕ್ಕ) ಎಷ್ಟು ಬೇಕಾದ್ರೂ ಇಟ್ಕೋಬಹುದು. ‘ಪ್ರೀತಿ’ ಅಂತ ಒಂದೇ ನಂಬರ್ ಇಡೋ ಬದ್ಲು ಏನೇನು ನಡೀತು ಅನ್ನೋದನ್ನ ನೆನಪಿಡ್ಸು. ಸಾಲದ ವಿಷ್ಯ ಅವನು ಹೇಳ್ಕೊಂಡಿದ್ದನ್ನ ಅವಳು ಅವನ ತಾಯಿ ಹತ್ರ ಆಡಿಬಿಟ್ಲು ಅನ್ಕೋ, ಅಲ್ಲೇ ಮೈನಸ್ ತೋರಿಸ್ಬೇಡ. ಎರಡು ಅಧ್ಯಾಯ ಆದ್ಮೇಲೆ ‘ಮನೇಲಿ ಎಲ್ಲಾ ಹೆಂಗಿದಾರೆ’ ಅಂತ ಕೇಳ್ದಾಗ ‘ಚೆನ್ನಾಗಿದಾರೆ’ ಅಂತಷ್ಟೇ ಅಂದು ಸುಮ್ನಾಗ್ಲಿ.

ಮೂರನೇ ಅಧ್ಯಾಯದಲ್ಲಿ ಅವಳು ‘ಬೇಡ’ ಒತ್ತಿದ್ರೆ ಸೀನ್ ಕಟ್ ಆಗಿ ಹುಡುಗ ಗೇಮಿಂದ್ಲೇ ಮಾಯ. ಬೇಡ ಅಂದೋಳೂ ನಿನ್ನ ಗೇಮ್ ಆಡ್ತಿರೋಳೇ ಅಲ್ವೇನೇ? ಮಾರನೇ ದಿನ ಅವಳು ಕಣದ ಹತ್ರ ಬರ್ತಾಳೆ, ಅವನೂ ಅಲ್ಲೇ ಇರ್ತಾನೆ, ಕೆಲ್ಸ ಬಿಟ್ಟು ಎಲ್ಲಿಗೆ ಹೋಗ್ತಾನೆ. ಮುನಿಸ್ಕೊಂಡು ಹಳೇ ಸಿನಿಮಾ ಹೀರೋ ಥರ ಹಿಂದೆ ಬೀಳೋದು ಬೇಡ, ತ್ಯಾಗಮೂರ್ತಿ ಭಾಷಣನೂ ಬೇಡ. ಇಬ್ಬರಿಗೂ ಸ್ವಲ್ಪ ಮುಜುಗರ, ಮಾತು ಕಾಫಿ ರೇಟ್ ಬಗ್ಗೆ. ಮೊದ್ಲು ಆ ಸೀನ್ ಬರ್ದು ಕಳ್ಸು, ಮದ್ವೆ ಸೀನ್ ಆಮೇಲೆ ನೋಡೋಣ.

ಇಂತಿ ನಿನ್ನ ಅಕ್ಕ,
ಚಿಕ್ಕಮಗಳೂರು