ಶಿರಸಿಯ ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ಹೋದ ವಾರ ಪಿಎಚ್‌ಡಿಯ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಇನ್ನು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳಬಹುದಂತೆ. ಅಪ್ಪ ಕಾರವಾರದ ಬೈತಖೋಲ ಬಂದರಿನಲ್ಲಿ ‘ಮಗಳು ಡಾಕ್ಟರಾದಳು’ ಎಂದು ಸಾರಿ ಬಂದದ್ದರ ಫಲವಾಗಿ ಇಬ್ಬರು ಬೋಟಿನವರು ಮೊಣಕಾಲು ನೋವಿಗೆ ಮಾತ್ರೆ ಕೇಳಿಕೊಂಡು ಮನೆಗೇ ಬಂದಿದ್ದರು. ನಾನು ಆ ಡಾಕ್ಟರಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅಮ್ಮ ಅವರಿಗೆ ಚಹಾ ಕೊಟ್ಟು, ತನ್ನ ಮುಲಾಮಿನ ಡಬ್ಬಿಯನ್ನೂ ಕೊಟ್ಟು ಕಳಿಸಿದ್ದಳು.

ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆಗಳಿವೆ, ಇಂಗ್ಲಿಷಿನಲ್ಲಿ. ಓದಬೇಕಾದವರು ಅದನ್ನು ಓದುವುದಿಲ್ಲ. ಅದಕ್ಕೇ ಇದನ್ನು ಇಲ್ಲಿ, ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಐದು ವರ್ಷ ನನ್ನ ತಪ್ಪುಗಳನ್ನು ಸಹಿಸಿದ ಗೈಡ್ ಮೇಡಂ, ರಾತ್ರಿ ಇನ್‌ಕ್ಯುಬೇಟರ್ ಕಾಯ್ದ ಲ್ಯಾಬಿನ ಗೆಳೆಯರು, ಬಾಡಿಗೆ ತಡವಾದರೂ ಬಾಯಿಬಿಡದ ಬೆಂಗಳೂರಿನ ಮನೆಯ ಓನರ್ ಆಂಟಿ, ಒಂಬತ್ತನೇ ಕ್ಲಾಸಿನಲ್ಲಿ ಈರುಳ್ಳಿ ಸಿಪ್ಪೆ ಸುಲಿದು ಜೀವಕೋಶ ತೋರಿಸಿದ ವಿಜ್ಞಾನದ ಮೇಷ್ಟ್ರು: ನಿಮಗೆಲ್ಲ ಮನಸಾರೆ ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನನ್ನ ಕೆಲಸ ಏನೆಂದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಕೇಳಿ ಕೇಳಿ ಸಾಕಾದವರೂ ಇದ್ದೀರಿ. ಸೋಂಕು ತರುವ ಕ್ಲೆಬ್ಸಿಯೆಲ್ಲಾ ಎಂಬ ಜಾತಿಯ ಬ್ಯಾಕ್ಟೀರಿಯಾ ಔಷಧಕ್ಕೆ ಹೇಗೆ ಜಗ್ಗದೆ ಉಳಿಯುತ್ತದೆ ಎಂದು ನೋಡುವುದು. ಅದಕ್ಕೆ ಒಂದಲ್ಲ, ಎರಡು ಪೊರೆ. ಬ್ಯಾಕ್ಟೀರಿಯಾ ಗುರುತಿಸಲು ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಹೇಳಿಕೊಟ್ಟ ಬಣ್ಣದ ಪರೀಕ್ಷೆಯಲ್ಲಿ ಇವು ನೇರಳೆ ಬಣ್ಣ ಉಳಿಸಿಕೊಳ್ಳದೆ ಗುಲಾಬಿಯಾಗಿ ಕಾಣುತ್ತವೆ. ಹೊರಪೊರೆಯಲ್ಲಿ ಔಷಧ ನುಸುಳುವ ಸಣ್ಣ ಬಾಗಿಲುಗಳಿವೆ, ಬ್ಯಾಕ್ಟೀರಿಯಾ ಅವುಗಳನ್ನೇ ಕಡಿಮೆ ಮಾಡಿಕೊಂಡುಬಿಡುತ್ತದೆ. ಹೇಗೋ ಒಳಗೆ ಹೋದ ಔಷಧವನ್ನು ಪಂಪು ಹಾಕಿ ಹೊರಗೆಸೆಯುತ್ತದೆ. ಈ ಪಂಪಿನ ವಿಷಯ ಅಪ್ಪನಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು. ‘ಬೋಟಿನ ತಳದ ನೀರು ಎತ್ತುವ ಪಂಪಿನ ಹಾಗೆ ಅನ್ನು’ ಎಂದಿದ್ದ. ಮೂವತ್ತು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದವನು.

ಅದೇ ಬ್ಯಾಕ್ಟೀರಿಯಾ 2024ರ ಜುಲೈಯಲ್ಲಿ ಅಪ್ಪನ ರಕ್ತಕ್ಕೆ ಇಳಿಯಿತು.

ಕಾಯಿಲೆಯ ಕಥೆ ಮತ್ತೆ ಹೇಳುವುದಿಲ್ಲ. ಉಡುಪಿ ಕಡೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದ. ಅಮ್ಮ ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು ತರಲೆಂದು 15ರ ಸಂಜೆ ಕಾರವಾರಕ್ಕೆ ಬಂದಳು. ಮರುದಿನ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಗಂಗಾವಳಿಯ ದಂಡೆಯಲ್ಲಿ ಆ ದಿನ ಮನೆಯವರನ್ನೇ ಕಳೆದುಕೊಂಡವರ ಎದುರು ನಮ್ಮ ಕಷ್ಟವನ್ನು ಕಷ್ಟ ಎನ್ನಲು ಬಾಯಿ ಬರುವುದಿಲ್ಲ. ಆದರೆ ಅಮ್ಮ, ಅಣ್ಣ ಇಬ್ಬರೂ ಆಚೆ ಉಳಿದರು. ಯಲ್ಲಾಪುರ, ಶಿರಸಿ ಸುತ್ತಿ, ಬಸ್ಸು ಬದಲಿಸುತ್ತ ಅವರು ಬಂದು ಮುಟ್ಟಿದ್ದು 17ರ ಸಂಜೆ.

ನಾನು ಬೆಂಗಳೂರಿನಲ್ಲಿದ್ದೆ. 16ರ ಮಧ್ಯಾಹ್ನ ಅಪ್ಪನ ಕಲ್ಚರ್ ರಿಪೋರ್ಟಿನ ಫೋಟೋ ಮೊಬೈಲಿಗೆ ಬಂತು, ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧ ನಾಟುತ್ತದೆ ಎಂದು ನೋಡುವ ಪರೀಕ್ಷೆಯದು. ಔಷಧಗಳ ಹೆಸರಿನ ಎದುರು ಸಾಲಾಗಿ ಆರ್, ಆರ್, ಆರ್. ಅಂದರೆ ನಾಟುವುದಿಲ್ಲ. ಬೇರೆಯವು ಸೋತಾಗ ಕೊಡುವ ಮೆರೊಪೆನೆಮ್‌ನ ಎದುರಿಗೂ ಆರ್. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೇನೆ. ಅದನ್ನು ನೋಡಿದಾಗ ನನಗೆ ಮೊದಲು ಆದದ್ದು ಹೆದರಿಕೆಯಲ್ಲ. ಈ ತಳಿ ನಮ್ಮ ಲ್ಯಾಬಿಗೆ ಸಿಕ್ಕರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸಿತು. ಗೆಳತಿಗೆ ಅರ್ಧ ಮೆಸೇಜನ್ನೂ ಬರೆದಿದ್ದೆ. ಆಮೇಲೆ ಅಳಿಸಿದೆ. ಅಪ್ಪನನ್ನು ನೋಡಿದಾಗಲೆಲ್ಲ ಆ ಅರ್ಧ ಮೆಸೇಜು ನೆನಪಾಗುತ್ತದೆ.

ಆ ರಾತ್ರಿ ನಾನು ಬಸ್ಸಿನಲ್ಲಿ. ಐಸಿಯು ಬಾಗಿಲ ಹೊರಗೆ ನಮ್ಮವರು ಅಂತ ಒಬ್ಬರೂ ಇಲ್ಲ. ಇದ್ದದ್ದು ಪಕ್ಕದ ಹಾಸಿಗೆಯ ಅಜ್ಜಿಯ ಸೊಸೆ, ಶಿರಸಿ ಕಡೆಯವರು. ನಾನು ಅಕ್ಕ ಎನ್ನುವುದು ಇವರನ್ನೇ. ಅಮ್ಮನಿಗೂ ಅವರಿಗೂ ನಾಲ್ಕು ದಿನದ ಪರಿಚಯ. ಅಮ್ಮ ಅವರ ಕೈಗೆ ಫೈಲು ಕೊಟ್ಟು, ‘ನಾಳೆ ಮಧ್ಯಾಹ್ನದೊಳಗೆ ಬಂದೆ’ ಎಂದು ಹೇಳಿ ಬಂದಿದ್ದಳು.

ರಾತ್ರಿ ಒಂಬತ್ತರ ಹೊತ್ತಿಗೆ ಡಾಕ್ಟರು ಕೊಲಿಸ್ಟಿನ್ ಎಂಬ ಇಂಜೆಕ್ಷನ್ ಬರೆದುಕೊಟ್ಟರು. ಕೆಳಗಿನ ಔಷಧದಂಗಡಿಯಲ್ಲಿ ಅದು ಇರಲಿಲ್ಲ. ಅಕ್ಕ ಆ ಮಳೆಯಲ್ಲಿ ಆಟೋ ಹಿಡಿದು ಇನ್ನೊಂದು ಅಂಗಡಿಗೆ ಹೋಗಿ, ತಮ್ಮ ದುಡ್ಡು ಕೊಟ್ಟು ತಂದರು. ಸೆರಗಿನೊಳಗೆ ಸುತ್ತಿಟ್ಟುಕೊಂಡು ಬಂದಿದ್ದರಂತೆ. ಆಮೇಲೆ ಇಂಜೆಕ್ಷನ್ ದುಡ್ಡು ತೆಗೆದುಕೊಂಡರು, ಆಟೋದ್ದು ತೆಗೆದುಕೊಳ್ಳಲಿಲ್ಲ.

ಈ ಔಷಧದ ಬಗ್ಗೆ ಎರಡು ಮಾತು ಹೇಳಲೇಬೇಕು. 1940ರ ದಶಕದ ಕೊನೆಗೆ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ಸಿಕ್ಕಿದ್ದು ಇದು. ಕ್ಲೆಬ್ಸಿಯೆಲ್ಲಾದ ಹೊರಪೊರೆಯ ಕೊಬ್ಬಿನ ಅಣುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಮೆಗ್ನೀಸಿಯಂ, ಕ್ಯಾಲ್ಸಿಯಂ. ಕೊಲಿಸ್ಟಿನ್ ಅವನ್ನು ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ, ಪೊರೆ ಹರಿಯುತ್ತದೆ. ಆದರೆ ರೋಗಿಯ ಮೂತ್ರಪಿಂಡಕ್ಕೂ ಪೆಟ್ಟು. ಅದಕ್ಕೇ ಎಷ್ಟೋ ವರ್ಷ ಇದನ್ನು ಬದಿಗಿಟ್ಟಿದ್ದರು, ಬೇರೆ ಔಷಧಗಳು ಸೋತ ಮೇಲೆ ಮತ್ತೆ ತೆಗೆದರು. ಇದಕ್ಕೂ ಜಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಜೀನ್ ಚೀನಾದಲ್ಲಿ ಕಂಡದ್ದು ವರದಿಯಾದದ್ದು 2015ರಲ್ಲಿ. ಇಂಥ ಔಷಧವನ್ನು ನಮ್ಮಲ್ಲಿ ಕೋಳಿಗಳ ಮೇವಿಗೂ ಬೆರೆಸುತ್ತಿದ್ದರು! ಸರ್ಕಾರ ಅದನ್ನು ನಿಷೇಧಿಸಿದ್ದು 2019ರಲ್ಲಿ.

ಇದ್ಯಾವುದೂ ಅಕ್ಕನಿಗೆ ಗೊತ್ತಿರಲಿಲ್ಲ. ಸಿಸ್ಟರ್ ಅವರಿಗೆ ಹೇಳಿದ್ದು ಇಷ್ಟೇ: ಮೂತ್ರ ಎಷ್ಟು ಹೋಗುತ್ತದೆ ಎಂಬುದೇ ಈಗ ಮುಖ್ಯ. ಅವಲಕ್ಕಿ ಡಬ್ಬಿಗೆ ಸುತ್ತಿ ತಂದಿದ್ದ ಜೂನ್ ತಿಂಗಳ ಕ್ಯಾಲೆಂಡರ್ ಹಾಳೆ ಬಿಚ್ಚಿ, ಅದರ ಬೆನ್ನಿಗೆ ಬರೆಯುತ್ತ ಕೂತರು. ಬಾಗಿಲು ತೆರೆದಾಗಲೆಲ್ಲ ಸಿಸ್ಟರ್ ಅವರನ್ನು ಕೇಳುವುದು, ಬರೆಯುವುದು, ನನಗೆ ಫೋನ್ ಮಾಡುವುದು. ಆ ಹಾಳೆ ಈಗ ನನ್ನ ಎದುರಿಗೇ ಇದೆ. 10.15ಕ್ಕೆ ಬಿಪಿ 80. 11.30ಕ್ಕೆ ‘ಕೊಲ್ಲಿಸ್ಟಿನ್ ಹಾಕಿದರು’. ಹೌದು, ಕೊಲ್ಲಿಸ್ಟಿನ್ ಅಂತಲೇ ಬರೆದಿದ್ದಾರೆ. ಅದು ಯಾರನ್ನು ಕೊಲ್ಲುತ್ತದೆ ಎಂಬುದು ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. 12.40ಕ್ಕೆ ಮೂತ್ರ 30 (ಎಂಎಲ್ ಲೆಕ್ಕ). ಎರಡಕ್ಕೆ ಮೂತ್ರ 20, ‘ಸಿಸ್ಟರ್ ಮುಖ ಚೆನ್ನಾಗಿಲ್ಲ’. ಆ ಫೋನಿನಲ್ಲಿ ನಾನು ಅತ್ತೆ. ಬಸ್ಸಿನಲ್ಲಿ ಎಲ್ಲರೂ ಮಲಗಿದ್ದರು, ದುಪಟ್ಟಾ ಬಾಯಿಗೆ ತುರುಕಿಕೊಂಡು ಅತ್ತೆ. ‘ಎಂತಕ್ಕೆ ಅಳ್ತೆ ತಂಗಿ? ನಾನಿಲ್ಲೇ ಬಾಗಿಲ ಹತ್ರನೇ ಕೂತಿದ್ದೇನಲ’ ಎಂದರು. ಕೊನೆಯ ಸಾಲು 5.10ರದ್ದು: ‘ಮೂತ್ರ 60. ಸಿಸ್ಟರ್ ಚಹಾ ಕುಡಿಯಲಿಕ್ಕೆ ಹೋದರು.’

ಅಪ್ಪ ಉಳಿಯುತ್ತಾನೆ ಎಂದು ನನಗೆ ಗೊತ್ತಾದದ್ದು ಆ ಚಹಾದಿಂದ.

ಮರುದಿನ ರಾತ್ರಿ ಅಕ್ಕನ ಜೊತೆ ಅದೇ ಬೆಂಚಿನ ಮೇಲೆ ಕೂತಿದ್ದೆ. ಊರಲ್ಲಿ ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಯಬೇಕಿತ್ತು, ಮಳೆ ಬಿಡುತ್ತಿಲ್ಲ ಎಂಬುದು ಅವರ ಚಿಂತೆ. ‘ನೀ ಎಂತ ಓದೂದು?’ ಎಂದು ಕೇಳಿದರು. ಪ್ರಯೋಗನಾಳದಲ್ಲಿ ಚೆನ್ನಾಗಿ ಕೆಲಸ ಮಾಡುವ ಎಷ್ಟೋ ಔಷಧಗಳು ಈ ಬ್ಯಾಕ್ಟೀರಿಯಾದ ಹೊರಪೊರೆ ದಾಟಲಾರದೆ ಸೋಲುತ್ತವೆ, ಅದನ್ನು ಓದುತ್ತೇನೆ ಎಂದೆ. ಅಕ್ಕ ನಕ್ಕರು. ‘ಅಷ್ಟೇಯಾ? ನಮ್ಮ ಅಡಿಕೆ ಕೊನೆದೂ ಅದೇ ಕಥೆ. ಕಾಯಿ ಮೇಲೆ ಮೇಣ ಇರ್ತದಲ, ಮೈಲುತುತ್ತ, ಸುಣ್ಣ ಎಷ್ಟು ಹದವಾಗಿದ್ರೂ ಜಾರಿ ಹೋಗ್ತದೆ. ಅದ್ಕೇ ರಾಳ ಬೆರೆಸೂದು. ರಾಳ ಎಂತ ರೋಗ ಕೊಲ್ಲೂದಿಲ್ಲ, ಔಷಧಿ ನಿಲ್ಲೂ ಹಂಗೆ ಮಾಡ್ತದೆ.’

ತಾನು ಕೊಲ್ಲದೆ ಇನ್ನೊಂದಕ್ಕೆ ದಾರಿ ಮಾಡಿಕೊಡುವ ವಸ್ತು. ಕೊಲಿಸ್ಟಿನ್ ಕುಟುಂಬದ್ದೇ ಆದ ಪಾಲಿಮಿಕ್ಸಿನ್-ಬಿ ಎಂಬ ಅಣುವಿನ ಕೊಬ್ಬಿನ ಬಾಲ ಕತ್ತರಿಸಿದರೆ ಉಳಿಯುವ ತುಂಡು ಇಂಥದೇ ಕೆಲಸ ಮಾಡುತ್ತದೆ, ಹೊರಪೊರೆ ಸಡಿಲಿಸಿ ಬೇರೆ ಔಷಧವನ್ನು ಒಳಗೆ ಬಿಡುತ್ತದೆ ಎಂದು ಫಿನ್‌ಲೆಂಡಿನವರು 1983ರಲ್ಲೇ ತೋರಿಸಿದ್ದರು. ನಾನು ಅದನ್ನು ಓದಿದ್ದೆ, ಓದಿ ಮಡಚಿಟ್ಟಿದ್ದೆ. ಆಸ್ಪತ್ರೆಯಿಂದ ಮರಳಿದ ಮೇಲೆ ಹುಡುಕಿ ತೆಗೆದೆ. ಪ್ರಬಂಧದ ಕೊನೆಯ ಅಧ್ಯಾಯ ಹುಟ್ಟಿದ್ದು ಹಾಗೆ. ವೈವಾದಲ್ಲಿ ಪರೀಕ್ಷಕರು ‘ಈ ದಿಕ್ಕು ಹೇಗೆ ಹೊಳೆಯಿತು?’ ಎಂದು ಕೇಳಿದಾಗ ನಾನು ನಾಲ್ಕು ಪೇಪರುಗಳ ಹೆಸರು ಹೇಳಿದೆ. ಅಕ್ಕನ ಹೆಸರು ಹೇಳಲಿಲ್ಲ. ಹೇಳಬೇಕಿತ್ತು.

ಅದೇ ಶನಿವಾರ ಅಕ್ಕನ ಅತ್ತೆ ತೀರಿಕೊಂಡರು. ಅವರಿಗೂ ಔಷಧ ನಾಟಲಿಲ್ಲ. ನಾನು ಕೆಳಗೆ ಬಿಲ್ಲಿನ ಸಾಲಿನಲ್ಲಿದ್ದೆ. ಮೇಲೆ ಬಂದಾಗ ಆಂಬುಲೆನ್ಸ್ ಹೊರಟಾಗಿತ್ತು. ಬೆಂಚಿನ ಮೇಲೆ ಅಪ್ಪನ ಫೈಲು, ಅದರ ಮೇಲೆ ಕ್ಯಾಲೆಂಡರ್ ಹಾಳೆ, ಹಾಳೆ ಹಾರದ ಹಾಗೆ ಅವಲಕ್ಕಿ ಡಬ್ಬಿ. ಡಬ್ಬಿ ತುಂಬ ಅವಲಕ್ಕಿ ಇತ್ತು. ತಮ್ಮ ಮನೆಯಲ್ಲಿ ಸಾವಾದ ಹೊತ್ತಿನಲ್ಲೂ ನಮ್ಮ ಫೈಲನ್ನು ಜೋಪಾನ ಮಾಡಿಟ್ಟಿದ್ದರು. ಹನ್ನೊಂದು, ಹನ್ನೆರಡನೇ ದಿನಕ್ಕಾದರೂ ನಾವು ಹೋಗಬೇಕಿತ್ತು. ಅಪ್ಪನದೇ ಗಡಿಬಿಡಿಯಲ್ಲಿ ಹೋಗಲಿಲ್ಲ. ಫೋನಿನಲ್ಲಿ ಆಗಾಗ ಮಾತಾಡಿದ್ದೇವೆ, ಮುಖ ನೋಡಿಲ್ಲ.

ಅಪ್ಪ ಈಗ ಚೆನ್ನಾಗಿದ್ದಾನೆ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸ್ವಲ್ಪ ಮೇಲಿದೆ. ಉಪ್ಪು ಕಡಿಮೆ ಎಂದರೆ ಒಣಮೀನು ಬಿಡಬೇಕು ಎಂದು ಡಾಕ್ಟರು ಹೇಳಿದ್ದು ಮಾತ್ರ ಅವನಿಗೆ ಕೇಳಿಸಿಲ್ಲ.

ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಖಾಲಿ ಡಬ್ಬಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕಾರವಾರದಿಂದ ಹೆಮ್ಮೆಯಿಂದ ಕೊಡುವಂಥದ್ದೆಲ್ಲ ಮೀನೇ, ಅಕ್ಕನ ಮನೆಯಲ್ಲಿ ಅದು ನಡೆಯುವುದಿಲ್ಲ. ಕೊನೆಗೆ ಅಪ್ಪನೇ ಗೋಕರ್ಣದ ಹತ್ತಿರದ ಸಾಣಿಕಟ್ಟಾದಿಂದ ಐದು ಕಿಲೋ ಹರಳುಪ್ಪು ತಂದಿಟ್ಟ, ಅಪ್ಪೆಮಿಡಿ ಹಾಕಲಿಕ್ಕೆ ಆಗುತ್ತದೆ ಎಂದು. (ಮಿಡಿ ಉಪ್ಪಿನಲ್ಲಿ ಚಿರುಟುವುದೂ ಪೊರೆಯದೇ ಕೆಲಸ, ಒಳಗಿನ ನೀರು ಹೊರಗೆ ಬರುವುದರಿಂದ. ಹೇಳದೆ ಇರಲಾಗಲಿಲ್ಲ.) ಉಪ್ಪು ಯಾರಾದರೂ ಉಡುಗೊರೆ ಕೊಡುತ್ತಾರಾ ಎಂದು ಅಮ್ಮ ನಿನ್ನೆಯಿಂದ ಜಗಳ. ‘ನಮ್ಮದು ಹೇಗೂ ಋಣವೇ’ ಎಂದು ಅಪ್ಪ.

ಅಕ್ಕಾ, ಇದನ್ನು ನಿಮ್ಮ ಮಗ ಓದಿ ಹೇಳುತ್ತಾನೆ ಎಂದುಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಶಿರಸಿ ಬಸ್ಸು ಹತ್ತುತ್ತೇವೆ. ಡಬ್ಬಿಯಲ್ಲಿ ಹಿಡಿದಷ್ಟು ಉಪ್ಪು ಡಬ್ಬಿಗೆ, ಉಳಿದದ್ದು ಚೀಲದಲ್ಲಿ. ಊಟಕ್ಕೆ ನಾಲ್ಕು ಜನ. ಅಪ್ಪನಿಗೆ ಉಪ್ಪಿನಕಾಯಿ ಬಡಿಸಬೇಡಿ, ಕೇಳಿದರೂ.