ಫಿಲೋಮಿನಾ ಚರ್ಚ್‌ಗೆ ಹದಿನೈದು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆ ಕಡೆಯ ಶಾಲೆಗಳು ಮಕ್ಕಳನ್ನು ಮೈಸೂರು ಟೂರ್‌ಗೆ ಕರೆದುಕೊಂಡು ಹೋಗುವ ರೀತಿ ಬಗ್ಗೆ ಈ ಪತ್ರ. ಹೋದ ಡಿಸೆಂಬರ್‌ನಲ್ಲಿ ಎಂಟನೇ ಕ್ಲಾಸಿನ ನನ್ನ ಮಗಳೂ ಹೋಗಿದ್ದಳು. ಝೂ, ಅರಮನೆ, ಚಾಮುಂಡಿ ಬೆಟ್ಟ, ಕೆಆರ್‌ಎಸ್, ಎಲ್ಲ ಒಂದೇ ದಿನಕ್ಕೆ. ಸಂತ ಫಿಲೋಮಿನಾ ಚರ್ಚ್‌ಗೆ ಬರೀ ಹದಿನೈದು ನಿಮಿಷ. ಚರ್ಚ್ ಹೇಗಿತ್ತಮ್ಮ ಅಂತ ಕೇಳಿದರೆ, "ಗೇಟ್ ಹತ್ರ ಫೋಟೊ ತೆಗೆಸ್ಕೊಂಡ್ವಿ, ಅಷ್ಟರಲ್ಲಿ ಸರ್ ಬಸ್ ಹತ್ರಿ ಅಂದ್ರು" ಅಂದಳು. ತುಂಬಾ ಬೇಜಾರಾಯಿತು. ಬೇಸಿಗೆ ರಜೆಯಲ್ಲಿ ನಾವಿಬ್ಬರೇ ರಾತ್ರಿ ರೈಲು ಹತ್ತಿ ಮತ್ತೆ ಹೋಗಿ ಬಂದೆವು.

ಈ ಸಲ ನಡೆದೇ ಹೋದೆವು. ಅರಮನೆ ಹತ್ತಿರದ ದೊಡ್ಡ ಗಡಿಯಾರದಿಂದ ಶುರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಅರಮನೆಯ ನೌಕರರು ಕಟ್ಟಿಸಿದ ಗೋಪುರ ಅದು. ಗಡಿಯಾರದಲ್ಲಿರುವುದು ಕನ್ನಡ ಅಂಕಿಗಳು. ಮಗಳು ಕತ್ತೆತ್ತಿ ನಿಂತು ಟೈಮ್ ಓದಿದಳು. ಅಲ್ಲಿಂದ ಅಶೋಕ ರಸ್ತೆ ಹಿಡಿದರೆ ಚಿನ್ನದ ಅಂಗಡಿಗಳು, ಮಸೀದಿ, ಆಮೇಲೆ ಲಷ್ಕರ್ ಮೊಹಲ್ಲಾ. ಲಷ್ಕರ್ ಅಂದರೆ ಸೈನ್ಯ ಅಂತ ಹೇಳಿದೆ, ಹೆಸರಲ್ಲೇ ಪಾಠ ಇದೆ ಅಲ್ವಾ? ಸ್ವಲ್ಪ ಹೊತ್ತಿಗೆ ಚರ್ಚ್‌ನ ಜೋಡಿ ಗೋಪುರ ಕಂಡವು, 175 ಅಡಿ ಎತ್ತರ.

ಈಗಿನ ಕಟ್ಟಡಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದವರು ನಾಲ್ವಡಿಯವರೇ. ಅದಕ್ಕೂ ಮೊದಲು ಇದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಹಳೆಯ ಚರ್ಚ್ ಇತ್ತು, 1843ರದ್ದು. ಅದರ ಶಾಸನ ಶುರುವಾಗುವುದು ಇಡೀ ಜಗತ್ತನ್ನೂ ಸಕಲ ಜೀವಗಳನ್ನೂ ಹುಟ್ಟಿಸಿ ಕಾಪಾಡುವ ಒಬ್ಬನೇ ದೇವರ ಹೆಸರಿನಲ್ಲಿ. ಎಂಥ ಮಾತು ನೋಡಿ! ಚಾಮುಂಡಿಯ ಭಕ್ತರಾದ ಅರಸರ ಊರಲ್ಲಿ, ಚರ್ಚ್ ಒಂದರ ಕಲ್ಲಿನ ಮೇಲೆ. ಇದನ್ನು ಒಬ್ಬ ಮೇಷ್ಟ್ರು ಮಕ್ಕಳಿಗೆ ಐದು ನಿಮಿಷ ಬಿಡಿಸಿ ಹೇಳಿದರೆ ಅವರು ಜನ್ಮದಲ್ಲಿ ಮರೆಯುವುದಿಲ್ಲ.

ಒಳಗೆ ಬಣ್ಣದ ಗಾಜಿನ ಕಿಟಕಿಗಳಲ್ಲಿ ಏಸುವಿನ ಹುಟ್ಟಿನಿಂದ ಹಿಡಿದು ಪುನರುತ್ಥಾನದವರೆಗಿನ ಕಥೆ ಇದೆ. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ ಮಲಗಿರುವ ಸಂತ ಫಿಲೋಮಿನಾಳ ಪ್ರತಿಮೆ. ಆಕೆಯದು ಎಂದು ನಂಬುವ ಮೂಳೆಗಳು 1802ರಲ್ಲಿ ರೋಮ್‌ನ ನೆಲದಡಿಯ ಸಮಾಧಿಗಳಲ್ಲಿ ಸಿಕ್ಕವು. ಅವಶೇಷದ ಒಂದು ಭಾಗವನ್ನು 1926ರಲ್ಲಿ ಮೈಸೂರಿಗೆ ತರಿಸಿದವರು ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿ. ಆಕೆ ಹದಿಮೂರರ ಹುಡುಗಿ ಅನ್ನುತ್ತಾರೆ ಭಕ್ತರು. ನನ್ನ ಮಗಳಿಗೂ ಈಗ ಹದಿಮೂರು. ಅವಳು ಅಲ್ಲಿ ತುಂಬಾ ಹೊತ್ತು ಸುಮ್ನೆ ನಿಂತಿದ್ದಳು, ನಾನೂ ಕರೆಯಲಿಲ್ಲ.

ಚರ್ಚ್ ನಮಗೇನೂ ಹೊಸದಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಧರ್ಮದವರೂ ಹೋಗುತ್ತೇವೆ. ಚಿಕ್ಕವಳಿದ್ದಾಗ ನಮ್ಮಮ್ಮ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಮೇಣದ ಬತ್ತಿ ಹಚ್ಚಿಸುತ್ತಿದ್ದರು. ಹಾಗಿರುವಾಗ ಮೈಸೂರಿನ ಇಷ್ಟು ದೊಡ್ಡ ಚರ್ಚನ್ನು ಗೇಟಿನಿಂದಲೇ ತೋರಿಸಿ ತರುವುದು ನ್ಯಾಯವೇ?

ಶಿಕ್ಷಕರಿಗೆ ಸಮಯದ ಕಷ್ಟ ಇದೆ, ಐವತ್ತು ಅರವತ್ತು ಮಕ್ಕಳನ್ನು ರಸ್ತೆಯಲ್ಲಿ ನಡೆಸುವುದು ಸುಲಭ ಅಲ್ಲ, ಗೊತ್ತು. ಆದರೆ ಪಟ್ಟಿಯಲ್ಲಿ ಒಂದು ಜಾಗ ಕಮ್ಮಿ ಮಾಡಿ, ಬಸ್ಸನ್ನು ದೊಡ್ಡ ಗಡಿಯಾರದ ಹತ್ತಿರ ನಿಲ್ಲಿಸಿ, ಎರಡು ಗಂಟೆ ಈ ದಾರಿಗೆ ಕೊಡಿ. ಪೂಜೆ ಇಲ್ಲದ ಹೊತ್ತು ನೋಡಿಕೊಂಡು ಹೋಗಿ. ಮಕ್ಕಳ ಕೈ ಹಿಡಿಯಲು ಜನ ಬೇಕಿದ್ದರೆ ತಂದೆ ತಾಯಿಯರನ್ನು ಕೇಳಿ. ಈ ಡಿಸೆಂಬರ್‌ಗೆ ನಾನಂತೂ ರಜೆ ಹಾಕಿ ಬರುತ್ತೇನೆ.

— ಒಬ್ಬ ತಾಯಿ, ದಾವಣಗೆರೆ