ಗಾಜಿನ ಗುಡ್ಡದ ಕಥಿನೂ ಹಾಕ್ರಿ

ಸಂಪಾದಕರೇ, ನಿಮ್ಮ ಮಕ್ಕಳ ಪುಟದಾಗ ಫಾರಿನ್ ಕಥಿ ಅಂದ್ರ ಬರೀ ಸಿಂಡ್ರೆಲಾನೇ ಆತಲ್ರೀ, ಒಮ್ಮೆ ಪೋಲೆಂಡಿನ ಗಾಜಿನ ಗುಡ್ಡದ ಕಥಿ ಹಾಕ್ರಿ. ಕುದುರಿ ಏರಿ ಬಂದ ವೀರರೆಲ್ಲ ಜಾರಿ ಬಿದ್ದು ಸತ್ತ ಗುಡ್ಡಾನ ಒಬ್ಬ ಸಾಲಿ ಹುಡುಗ ಕಾಡುಬೆಕ್ಕಿನ ಉಗುರು ಕೈಕಾಲಿಗೆ ಕಟ್ಕೊಂಡು ಅರ್ಧ ಹತ್ತಿ, ಸುಸ್ತಾಗಿ ಅಲ್ಲೇ ಮಲಗ್ತಾನ, ಹೆಣ ಅಂತ ತಿಳಿದು ಬಂದ ಹದ್ದಿನ ಕಾಲು ಹಿಡ್ಕೊಂಡು ಮ್ಯಾಲಿನ ಅರಮನಿ ಮುಟ್ತಾನ! (ನಮ್ಮ ಆನೆಗುಂದಿ ಕಡೆ ಹುಡುಗರಿಗೆ ಗುಡ್ಡ ಹತ್ತೋದು ಹೊಸದೇನಲ್ಲ ಬಿಡ್ರಿ.) ಪೋಲಿಶ್‌ನಾಗ 1837ರ ಸಂಗ್ರಹದಾಗಿದ್ದ ಕಥಿ ಜರ್ಮನ್‌ಗೆ ಹೋಗಿ, ಅಲ್ಲಿಂದ 1894ರಾಗ ಆಂಡ್ರ್ಯೂ ಲ್ಯಾಂಗ್ ಅವರ ಇಂಗ್ಲಿಷ್ ಪುಸ್ತಕ ಸೇರ್ತು. ಹಾಕುವಾಗ ಯಾವ ದೇಶದ್ದು, ಯಾರು ಕನ್ನಡಕ್ಕ ತಂದ್ರು ಅಂತ ಒಂದ್ ಲೈನ್ ಪ್ರಿಂಟ್ ಮಾಡ್ರಿ, ಅದಕ್ಕೇನ್ ಬಾಳ ಜಾಗ ಬೇಕಾಗಂಗಿಲ್ಲ.

— ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ